ಅಪ್ಪನ ಯೆಜ್ಡಿ, ಅವ್ವನ ಸೊಂಟ

ಗಾಂಧಿನಗರದ ನಮ್ಮನೆ ಮುಂದೆ ಅಪ್ಪ ಬಿಟ್ಟುಹೋದ ಯೆಜ್ಡಿ ರೋಡ್‌ಕಿಂಗ್ ನಿಂತಿದೆ. ಮೈಸೂರಿನ ಐಡಿಯಲ್ ಜಾವಾದವರು ಮಾಡಿದ 250 ಸಿಸಿ ಗಾಡಿ. ಕಾರ್ಖಾನೆ 1996ರಲ್ಲೇ ಮುಚ್ಚಿತು, ಗಾಡಿ ಇನ್ನೂ ನಮ್ಮನ್ನು ಸುದ್ದಿಗೆ ಹೊತ್ತು ತಿರುಗುತ್ತಿದೆ.

ಈ ಸಲ ಅಣ್ಣ-ತಮ್ಮ ಕೂಡಿಟ್ಟ ದುಡ್ಡು ಒಂದೇ ಕೆಲಸಕ್ಕೆ ಸಾಲುತ್ತಿತ್ತು. ಎಂಜಿನ್ ಪವರ್ ಹೆಚ್ಚಿಸಬೇಕು, ಇಲ್ಲವೇ ಶಾಕ್ ಅಬ್ಸಾರ್ಬರ್ ಬದಲಿಸಬೇಕು. ನಮಗೆ ದೊಡ್ಡ ಕಾರ್ಬುರೇಟರ್ ಮೇಲೇ ಕಣ್ಣು.

ಅವ್ವ ಕೇಳಿದಳು: "ಜೋರು ಹೋಗಿ ಏನ್ ಮಾಡ್ತೀರಪ್ಪ? ಹಿಂದ ಕುಂತೋಳ ಸೊಂಟ ಉಳೀಬೇಕಲ್ಲ?"

ಮಾತು ನಿಜ. ನಮ್ಮ ಕಡೆಯ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೇಲಿನ ಡಾಂಬರು ಸಮ ಉಳಿಯುವುದು ಕಷ್ಟ. ಅಂಥ ರಸ್ತೆಯಲ್ಲಿ, ಹಳೇ ಡ್ರಮ್ ಬ್ರೇಕ್ ಇಟ್ಟುಕೊಂಡು, ಪವರ್ ಹೆಚ್ಚಿಸಿ ಹೋಗುವುದೆಲ್ಲಿಗೆ?

ಮುಂದಿನ ಫೋರ್ಕಿಗೆ ಹೊಸ ಆಯಿಲ್, ಆಯಿಲ್ ಸೀಲ್ ಹಾಕಿಸಿದೆವು. ಹಿಂದೆ ಹೊಸ ಜೋಡಿ ಶಾಕ್, ಎರಡೂ ಚಕ್ರಕ್ಕೆ ಬ್ರೇಕ್ ಶೂ. ಎಂಜಿನ್ನಿಗೆ ಕ್ರ್ಯಾಂಕ್ ಸೀಲ್ ಮಾತ್ರ. ಅದು ಹೋದರೆ ಟೂ-ಸ್ಟ್ರೋಕ್ ಎಂಜಿನ್ ಹೊರಗಿನ ಗಾಳಿ ಎಳೆದು, ಕಾದು, ಪಿಸ್ಟನ್ ಜಾಮ್ ಆಗಬಹುದು.

ಮೊನ್ನೆ ಅವ್ವ ಅಣ್ಣನ ಹಿಂದೆ ಕೂತು ಸಿರುಗುಪ್ಪಕ್ಕೆ ಹೋಗಿಬಂದಳು. ಇಳಿದವಳು ಸೊಂಟ ಹಿಡಿದುಕೊಳ್ಳಲಿಲ್ಲ, ಸೀದಾ ಒಳಗೆ ಹೋಗಿ ಒಲೆ ಹಚ್ಚಿದಳು.

ಕಾರ್ಬುರೇಟರ್ ಮುಂದಿನ ವರ್ಷ ನೋಡೋಣ.