ಕಾಲುವೆಯಲ್ಲಿ ಹುಟ್ಟಿದ ಆಟ

1925ರ ಅಕ್ಟೋಬರ್ 31ರಂದು ‘ಫಿನ್ಲೆಂಡ್’ ಹಡಗು ಶಾಂತಸಾಗರದ ಅಂಚಿನ ಬಾಲ್ಬೋವಾ ಬಂದರನ್ನು ಮುಟ್ಟುವ ವೇಳೆಗೆ ಹೊತ್ತು ಮೀರಿಹೋಗಿತ್ತು. ಅಂದು ಪನಾಮಾ ಕಾಲುವೆಯನ್ನು ಹೊಗುವಂತಿಲ್ಲ, ದಡಕ್ಕಿಳಿಯುವಂತೆಯೂ ಇಲ್ಲ. ಲಾಸ್ ಏಂಜಲೀಸಿನಿಂದ ಹವಾನಾಕ್ಕೆ ಹೊರಟಿದ್ದವರಲ್ಲಿ ಕೆಲವರು ಇಸ್ಪೀಟಿನೆಲೆ ಹಿಡಿದು ಕುಳಿತರು. ಅವರಲ್ಲೊಬ್ಬ ಹೆರಾಲ್ಡ್ ವ್ಯಾಂಡರ್‌ಬಿಲ್ಟ್. ಸಿರಿವಂತ ರೈಲ್ವೆ ಮನೆತನದವನು, ಮುಂದೆ ಹಾಯಿದೋಣಿಯ ಪಂದ್ಯದಲ್ಲಿ ಮೂರು ಬಾರಿ ಅಮೆರಿಕಾ ಕಪ್ ಗೆದ್ದವನು. ಮೇಜಿಗೆ ಬಂದ ಮಹಿಳೆಯೊಬ್ಬಳು, ಚೀನಾದಲ್ಲಿ ತಾನು ಆಡಿದ್ದೆಂದು ಹೇಳಿ, ವಿಚಿತ್ರ ನಿಯಮಗಳನ್ನು ಸೂಚಿಸತೊಡಗಿದಳು. ವ್ಯಾಂಡರ್‌ಬಿಲ್ಟನಿಗೆ ರೇಗಿತು. ರೇಗಿದ್ದೇ ಒಳ್ಳೆಯದಾಯಿತೆನ್ನಬೇಕು!

ಮರುದಿನ ಹಡಗು ಕಾಲುವೆಯನ್ನು ಹೊಕ್ಕಿತು. ಮಿರಾಫ್ಲೋರೆಸ್‌ನಲ್ಲಿ ಎರಡು ಮೆಟ್ಟಿಲು, ಪೆದ್ರೊ ಮಿಗೆಲ್‌ನಲ್ಲಿ ಒಂದು. ಮೆಟ್ಟಿಲೆಂದರೆ ಕಾಂಕ್ರೀಟಿನ ಭಾರಿ ತೊಟ್ಟಿ. ಹಡಗು ಒಳಸೇರಿದೊಡನೆ ಹಿಂದಿನ ಉಕ್ಕಿನ ಕದ ಮುಚ್ಚಿಕೊಳ್ಳುತ್ತದೆ. ಮೇಲಣ ನೀರು, ಯಾವ ಪಂಪಿನ ಹಂಗೂ ಇಲ್ಲದೆ, ತಾನಾಗಿ ಹರಿದು ತುಂಬುತ್ತದೆ. ಸಾವಿರಾರು ಟನ್ನಿನ ಹಡಗು ಮೆಲ್ಲನೆ ಮೇಲೇರುತ್ತದೆ. ಮುಂದೆ ಕುಲೆಬ್ರಾ ಬೆಟ್ಟವನ್ನು ಕಡಿದು ಮಾಡಿದ ಕಣಿವೆ, ಸಮುದ್ರಮಟ್ಟಕ್ಕಿಂತ 26 ಮೀಟರ್ ಎತ್ತರದ ಗಾಟುನ್ ಸರೋವರ. ಅಲ್ಲಿಂದ ಮೂರು ಮೆಟ್ಟಿಲಿಳಿದರೆ ಅತ್ತಣ ಸಮುದ್ರ. ಸುಮಾರು 80 ಕಿಲೋಮೀಟರಿನ ಈ ಹಾದಿ ಸವೆಯುವಷ್ಟರಲ್ಲಿ ವ್ಯಾಂಡರ್‌ಬಿಲ್ಟ್ ಹೊಸ ಅಂಕಪಟ್ಟಿಯೊಂದನ್ನು ರಚಿಸಿ ಮುಗಿಸಿದ್ದ.

ಬ್ರಿಜ್ಜಿನಲ್ಲಿ ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಪಟ್ಟು, ಒಟ್ಟು 13. ಹಳೆಯ ಆಕ್ಷನ್ ಬ್ರಿಜ್ಜಿನಲ್ಲಿ ಎಂಟು ಪಟ್ಟು ಕೂಗಿ ಹತ್ತು ಗೆದ್ದರೆ ಹತ್ತರ ಫಲವೂ ದಕ್ಕುತ್ತಿತ್ತು, ಎದೆಗಾರಿಕೆಗೆ ಬೆಲೆಯಿರಲಿಲ್ಲ. ಕೂಗಿದಷ್ಟೇ ಆಟದ ಲೆಕ್ಕಕ್ಕೆ ಎಂಬ ಕಟ್ಟಳೆ ಫ್ರಾನ್ಸಿನ ಪ್ಲಾಫೋನ್ ಆಟದಲ್ಲಿತ್ತು. ವ್ಯಾಂಡರ್‌ಬಿಲ್ಟ್ ಅದಕ್ಕೆ ಅಪಾಯದ ಖಾರ ಬೆರೆಸಿದ: 12 ಅಥವಾ 13 ಪಟ್ಟು ಕೂಗಿ ಗೆದ್ದವರಿಗೆ ದೊಡ್ಡ ಬಹುಮಾನ, ಒಂದು ಆಟ ಗೆದ್ದು ಮುಂದಿರುವ ಜೋಡಿ ಮಾತು ತಪ್ಪಿದರೆ ಹೆಚ್ಚಿನ ದಂಡ. ಆ ಸ್ಥಿತಿಗೆ ‘ವಲ್ನರಬಲ್’ ಎಂಬ ಹೆಸರನ್ನು ಒದಗಿಸಿದವಳು ಹಡಗಿನಲ್ಲಿದ್ದ ಒಬ್ಬ ತರುಣಿ.

ಕೂಗಿ ಗೆದ್ದವನ ಪಾಡನ್ನು ನೋಡಬೇಕು. ಜೊತೆಗಾರನ ಎಲೆಗಳು ಮೇಜಿನ ಮೇಲೆ ಬಿಚ್ಚಿ ಬಿದ್ದಿವೆ; ಎರಡು ಕೈಯ ಆಟವೂ ಅವನೊಬ್ಬನದೇ. ಎದುರಿನ ಎಲೆಗಳಲ್ಲಿ ಎಕ್ಕ, ರಾಣಿ ಇವೆ, ರಾಜ ಯಾರಲ್ಲಿ? ತನ್ನ ಕೈಯಿಂದ ಸಣ್ಣ ಎಲೆ ನಡೆಸುತ್ತಾನೆ. ಎಡಗಡೆಯವನೂ ಸಣ್ಣದನ್ನೇ ಹಾಕಿದರೆ ರಾಣಿಯನ್ನು ಇಡುವುದು. ರಾಜ ಎಡಗಡೆಯಿದ್ದರೆ ಪಟ್ಟು ಉಳಿಯಿತು, ಬಲಗಡೆಯಿದ್ದರೆ ಹೋಯಿತು. ಬರಿಯ ಅದೃಷ್ಟವಲ್ಲ, ಎಡಗಡೆಯವನು ಮೊದಲೇ ಧೈರ್ಯವಾಗಿ ಕೂಗಿದ್ದರೆ ರಾಜ ಅವನಲ್ಲೇ ಇರುವ ಸಂಭವ ಹೆಚ್ಚು. ಕೂಗುವಾಗ ಕಿವಿಗೊಟ್ಟು ಕೇಳದವನು ಆಡುವಾಗ ತಡಕಾಡುತ್ತಾನೆ.

ನವೆಂಬರ್ 1ರ ರಾತ್ರಿಯೇ ‘ಫಿನ್ಲೆಂಡ್’ ಹಡಗಿನಲ್ಲಿ ಹೊಸ ಪಟ್ಟಿಯಂತೆ ಎಲೆ ಹಂಚಿದರು. ಕೆಲವೇ ವರ್ಷಗಳಲ್ಲಿ ಆಕ್ಷನ್ ಬ್ರಿಜ್ ಮೂಲೆ ಸೇರಿತು.