ಹಗಲು 302, ರಾತ್ರಿ 103

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕೋರ್ಟುಗಳಲ್ಲಿ ಸೀನಿಯರ್‌ಗಳ ಫೈಲು ಹೊರುತ್ತಲೇ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಮತ್ತೆ ಬರೆಯುವ ಕಿರಿಯರ ಪಾಡು ಈಗ ವಿಚಿತ್ರ. ಹಳೆಯ ದಂಡ ಸಂಹಿತೆ (ಐಪಿಸಿ) ಹೋಗಿ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) ಜಾರಿಗೆ ಬಂದ 2024ರ ಜುಲೈ 1ಕ್ಕೂ ಮುಂಚೆ ನಡೆದ ಕೊಲೆಯ ಕೇಸು ಇನ್ನೂ ಐಪಿಸಿ 302ರಲ್ಲೇ ಸಾಗುತ್ತದೆ. ಸಂಜೆ ಓದಲು ಕೂತರೆ ಕೊಲೆ ಅಂದರೆ ಬಿಎನ್‌ಎಸ್ 103.

ಹೊಸ 302? ಧಾರ್ಮಿಕ ಭಾವನೆ ನೋಯಿಸುವ ಮಾತು!

ಪರೀಕ್ಷೆಯಲ್ಲಿ ನೂರು ಪ್ರಶ್ನೆ, ಪಾಸಾಗಲು ಸಾಮಾನ್ಯ ವರ್ಗಕ್ಕೆ ಶೇ 45 ಸಾಕು, ತಪ್ಪುತ್ತರಕ್ಕೆ ಕಡಿತವಿಲ್ಲ, ಕನ್ನಡದಲ್ಲೂ ಬರೆಯಬಹುದು. ‘ಅಷ್ಟೇನಾ?’ ಎಂದು ನಗುವ ಹಿರಿಯರು ಸನ್ನದು ಪಡೆದದ್ದು 2010ಕ್ಕೂ ಮೊದಲು. ಆಗ ಈ ಪರೀಕ್ಷೆಯೇ ಇರಲಿಲ್ಲ, ಬಿಡಿ.

ಓದಿಕೊಳ್ಳಲೆಂದು ಜೂನಿಯರ್‌ಗೆ ವಾರ ರಜೆ ಕೊಟ್ಟ ಸೀನಿಯರ್ ನಿಮ್ಮೂರಲ್ಲಿ ಯಾರಾದರೂ ಇದ್ದಾರಾ?