ಪಕ್ಕದ ಗಾಲಿಗಳು

ಎರಡು ವರ್ಷಗಳ ಹಿಂದೆ ಆನೆಗೊಂದಿಯ ಹೊಳೆಯ ಸೋಪಾನದಲ್ಲಿ ಜಾರಿಬಿದ್ದು ನನ್ನ ಸೊಂಟದೆಲುಬು ಮುರಿಯಿತು. ಎಲುಬೇನೋ ಕೂಡಿತು, ಬಲಗಾಲಿಗೆ ಮಾತ್ರ ಮೊದಲಿನ ಶಕ್ತಿ ಬರಲಿಲ್ಲ. ಗಂಗಾವತಿಗೆ ಪಿಂಚಣಿಗಾಗಿ ಹೋಗಬೇಕಾದರೂ ಮಗನ ಬಿಡುವನ್ನು ಕಾಯುವ ಪರಾಧೀನತೆ ಪ್ರಾಪ್ತವಾಯಿತು. ಅವನು ನನ್ನ ಸ್ಕೂಟರಿನ ಹಿಂಗಾಲಿಯ ಇಕ್ಕೆಲಗಳಲ್ಲಿ ಸಣ್ಣ ಗಾಲಿಗಳನ್ನು ಕೂಡಿಸುವೆನೆಂದಾಗ, "ನನ್ನ ಕುಂಟುತನವನ್ನು ಊರಿಗೆಲ್ಲ ಸಾರಬೇಕೆ?" ಎಂದು ಸಿಡುಕಿದೆನು.

ವಾಚಕರು ವಿಚಾರಿಸಬೇಕು. ಗೇರು ಬದಲಿಸಬೇಕಿಲ್ಲದ ಸ್ಕೂಟರಿನಲ್ಲಿ ವೇಗವೂ ತಡೆಯೂ ಕೈಗಳ ವಶದಲ್ಲಿರುವುವು. ನಿಂತಾಗ ನೆಲಕ್ಕೆ ಊರುವುದೊಂದೇ ಕಾಲಿನ ಕೆಲಸ. ಅದನ್ನೇ ಪಕ್ಕದ ಗಾಲಿಗಳು ವಹಿಸಿಕೊಳ್ಳುವುವು. ಧಾತುವಿಗೆ ಉಪಸರ್ಗವಿದ್ದಂತೆ ಅವು. ತಾವಾಗಿ ನಡೆಯಲಾರವು, ಕೂಡಿದ ಮೇಲೆ ನಡೆಯನ್ನೇ ಬದಲಿಸುವುವು. ಮೊದಲನೆಯ ದಿನ ಗದ್ದೆಯ ಬದಿಯ ತಿರುವಿನಲ್ಲಿ ಹಳೆಯ ಅಭ್ಯಾಸದ ವೇಗದಲ್ಲಿಯೇ ತಿರುಗಿದೆನು. ವಾಹನವು ಒಳಮಗ್ಗುಲಿಗೆ ಒರಗಲಿಲ್ಲ. ಒಳಗಿನ ಗಾಲಿ ನೆಲ ಬಿಟ್ಟೆದ್ದಿತು. ತಿರುವಿಗೆ ಮುಂಚೆಯೇ ನಿಧಾನಿಸಬೇಕೆಂಬ ಪಾಠವನ್ನು ಅರವತ್ತು ಮೀರಿದ ಉಪಾಧ್ಯಾಯನು ಅಂದು ಕಲಿತನು.

1988ರ ಮೋಟಾರು ವಾಹನ ಕಾಯಿದೆಯು, 2019ರ ತಿದ್ದುಪಡಿಯ ತರುವಾಯ, ಅಂಗವಿಕಲರಿಗಾಗಿ ಮಾರ್ಪಡಿಸಿದ ವಾಹನಕ್ಕೆ ಪ್ರತ್ಯೇಕ ಲಕ್ಷಣವನ್ನೇ ಹೇಳಿದೆ. ಮಾರ್ಪಾಡನ್ನು ನೋಂದಣಿಯಲ್ಲಿ ಬರೆಯಿಸುವುದು ಅವಶ್ಯ, ನಾವೂ ಬರೆಯಿಸಿದೆವು.

ಕಳೆದ ಶನಿವಾರ ಒಬ್ಬನೇ ಅಂಜನಾದ್ರಿಯ ಬುಡದವರೆಗೆ ಹೋದೆನು. ಮೇಲಿನ ಐನೂರಕ್ಕೂ ಮಿಕ್ಕ ಮೆಟ್ಟಿಲುಗಳು ಇನ್ನು ನನ್ನವಲ್ಲ. ಕೆಳಗಿನಿಂದಲೇ ಕೈಮುಗಿದೆನು. ಗಾಲಿಗಳು ನನ್ನ ಕುಂಟುತನವನ್ನು ಸಾರುತ್ತಿದ್ದುದು ನಿಜವೇ. ಆದರೆ ಹೊರಡುವಾಗ ನಾನು ಯಾರನ್ನೂ ಕೇಳಿರಲಿಲ್ಲ, ಮರಳುವಾಗ ಯಾರನ್ನೂ ಕಾಯಲಿಲ್ಲ.